ಕಲಬುರಗಿ ಬಿಸಿಲಿಗೆ ಏಳು ದಿನದ ನೋವಿನ ಪ್ಯಾಚ್

ಹಳೆಯ ಸೊಂಟನೋವು, ಮೊಣಕಾಲು ಸವೆತಕ್ಕೆ ದಿನಕ್ಕೆ ಮೂರ್ನಾಲ್ಕು ಸಲ ಟ್ರಮಡಾಲ್ ಗುಳಿಗೆ ನುಂಗಿ ಬೇಸತ್ತವರಿಗೆ ಚರ್ಮಕ್ಕೆ ಅಂಟಿಸುವ ಬುಪ್ರೆನಾರ್ಫಿನ್ (ಒಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ನೋವಿನ ಔಷಧ) ಪ್ಯಾಚ್ ಹಿಡಿಸುತ್ತದೆ: ಒಮ್ಮೆ ಹಚ್ಚಿದರೆ ವಾರದ ಚಿಂತೆ ಇಲ್ಲ. ಗಂಟೆಗೆ 5, 10, 20 ಮೈಕ್ರೋಗ್ರಾಂ ಎಂಬ ಅಳತೆಗಳಿವೆ. ಮೊದಲ ದಿನವೇ ಗುಣ ಕಾಣಲಿಲ್ಲವೆಂದು ಇನ್ನೊಂದನ್ನು ಹಚ್ಚಬಾರದು. ರಕ್ತದಲ್ಲಿ ಔಷಧ ಒಂದು ಮಟ್ಟಕ್ಕೆ ನಿಲ್ಲಲು ಮೂರು ದಿನ ಬೇಕು.

ನಮ್ಮ ಕಡೆ ಇದಕ್ಕೆ ದೊಡ್ಡ ತೊಡಕು ಬಿಸಿಲು. ಚರ್ಮ ಕಾದಷ್ಟೂ ಔಷಧ ಬೇಗ ಒಳಗಿಳಿದು ಮಂಪರು ಹೆಚ್ಚುತ್ತದೆ, ಉಸಿರು ನಿಧಾನವಾಗುತ್ತದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಹೊಲದ ಕೆಲಸ, ಬಿಸಿನೀರಿನ ಚೀಲದ ಕಾವು, ಜ್ವರ ಎಲ್ಲವೂ ಇದೇ ಲೆಕ್ಕ. ಖಾನಾವಳಿಯಲ್ಲಿ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವವರು ಎದೆ, ತೋಳು ಬಿಟ್ಟು ಬೆನ್ನಿನ ಮೇಲ್ಭಾಗಕ್ಕೆ ಹಚ್ಚಿಸಿಕೊಳ್ಳಲಿ. ಬೆವರಿಗೆ ಅಂಚು ಏಳುವುದು ಎರಡನೆಯ ದೂರು. ಸೋಪು, ಎಣ್ಣೆ, ಪೌಡರ್ ಬಿಟ್ಟು ಬರೀ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೂದಲಿದ್ದರೆ ಕತ್ತರಿಯಿಂದ ತೆಗೆದು (ಬ್ಲೇಡ್ ಬೇಡ), ಅರ್ಧ ನಿಮಿಷ ಅಂಗೈಯಿಂದ ಒತ್ತಬೇಕು. ಅಂಚಿಗೆ ಮೆಡಿಕಲ್ ಟೇಪ್ ಸಾಕು. ಅದೇ ಜಾಗಕ್ಕೆ ಮೂರು ವಾರ ಬಿಡುವು. ದುಡ್ಡು ಉಳಿಸಲು ಅರ್ಧಕ್ಕೆ ಕತ್ತರಿಸುವ ಉಪಾಯ ಬೇಡವೇ ಬೇಡ.

ತಿಂಗಳುಗಟ್ಟಲೆ ಬಳಸಿದಾಗಲೇ ಇದರ ನಿಜಬಣ್ಣ ತಿಳಿಯುವುದು. ವಾಕರಿಕೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ, ಕರುಳು ಈ ಔಷಧಕ್ಕೆ ಒಗ್ಗುವುದೇ ಇಲ್ಲ. ಇಸಬ್ಗೋಲ್ ಒಂದನ್ನೇ ನೆಚ್ಚಿ ನೀರು ಕಡಿಮೆ ಕುಡಿದರೆ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ಬಿಸಾಕೊಡಿಲ್ ಅಥವಾ ಲ್ಯಾಕ್ಟುಲೋಸ್ ಮೊದಲ ವಾರದಿಂದಲೇ ಬೇಕೇ ಎಂದು ಡಾಕ್ಟರನ್ನು ಕೇಳಿ. ಗಂಡಸರಲ್ಲಿ ಟೆಸ್ಟೋಸ್ಟಿರಾನ್ ತಗ್ಗಿ ಸುಸ್ತು, ನಿರಾಸಕ್ತಿ ಬರಬಹುದು. ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವವರೇ ಹೆಚ್ಚು. ಕೆಲವರಿಗೆ ನೋವೇ ಮೈತುಂಬ ಹರಡುತ್ತದೆ. ಒಪಿಯಾಯ್ಡ್‌ನಿಂದಲೇ ನರಗಳು ಚುರುಕಾಗಿರುವ ಲಕ್ಷಣವದು, ಆಗ ಡೋಸ್ ಏರಿಸಿದರೆ ಕೆಡುತ್ತದೆ.

2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನು, ಮೊಣಕಾಲು, ಚಪ್ಪೆಯ ನೋವಿನ 240 ಮಂದಿಯನ್ನು 12 ತಿಂಗಳು ನೋಡಿದರು. ಓಡಾಟ, ಕೆಲಸದ ವಿಷಯದಲ್ಲಿ ಒಪಿಯಾಯ್ಡ್ ಗುಂಪು ಸಾದಾ ನೋವಿನ ಔಷಧದ ಗುಂಪಿಗಿಂತ ಮುಂದೆ ಹೋಗಲಿಲ್ಲ. ಆದ್ದರಿಂದ ಮೊದಲ ಆಯ್ಕೆಯಾಗಿ ಈ ಪ್ಯಾಚ್ ಬೇಡ. ಜೋರಾಗಿ ಗೊರಕೆ ಹೊಡೆಯುವವರಿಗೆ, ಕುಡಿಯುವವರಿಗೆ, ಅಲ್ಪ್ರಜೋಲಾಮ್ ನಿದ್ದೆಗುಳಿಗೆ ನುಂಗುವವರಿಗೆ ಅಪಾಯ ಹೆಚ್ಚು.

ಬಿಡಬೇಕೆಂದರೆ ಥಟ್ಟನೆ ಕಿತ್ತೊಗೆಯಬೇಡಿ: ಆಕಳಿಕೆ, ಮೂಗು ಸೋರುವುದು, ಭೇದಿ, ನಿದ್ದೆಗೇಡು ಶುರುವಾಗುತ್ತವೆ. ಡಾಕ್ಟರ್ ಹೇಳಿದ ಹಾಗೆ 20ರಿಂದ 10, 10ರಿಂದ 5 ಎಂದು ಇಳಿಯಬೇಕು. ತೆಗೆದ ಪ್ಯಾಚ್‌ನಲ್ಲೂ ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಬಿಸಾಡಿ.