ಕಪ್ಪತಗುಡ್ಡಕ್ಕೆ ಒಬ್ಬರೇ ಹೋಗುವ ಮುಂಚೆ ಇದನ್ನು ಓದಿ

ಕಳೆದ ವರ್ಷ ದಸರಾ ಮುಗಿದು ದೀಪಾವಳಿ ಬರುವುದರೊಳಗಿನ ಒಂದು ಶನಿವಾರ, ಹುಬ್ಬಳ್ಳಿಯಿಂದ ಬೈಕ್ ತಗೊಂಡು ಒಬ್ಬನೇ ಕಪ್ಪತಗುಡ್ಡಕ್ಕೆ ಹೋದೆ. ಅವ್ವನಿಗೆ ಹೇಳಿದ್ದು ಮಾತ್ರ ಧಾರವಾಡದಲ್ಲಿ ಗೆಳೆಯನ ಮನೆಗೆ ಹೋಗ್ತೀನಿ, ನಾಳೆ ಸಂಜೆ ಬರ್ತೀನಿ ಅಂತ. ಒಬ್ಬನೇ ಗುಡ್ಡಕ್ಕೆ ಅಂದಿದ್ದರೆ ಬಿಡ್ತಿರಲಿಲ್ಲ. ಆ ಸುಳ್ಳು ನನ್ನ ಜೀವಕ್ಕೇ ಬರೋದಿತ್ತು, ಅದಕ್ಕೇ ಬರೀತಿದ್ದೇನೆ.

ನಮ್ಮ ಕಡೆಯವರಿಗೆ ಕಪ್ಪತಗುಡ್ಡ ಅಂದರೆ ಅಷ್ಟು ಭಯ ಇಲ್ಲ. ದಾಂಡೇಲಿ ಥರ ದಟ್ಟ ಕಾಡಲ್ಲ, ಗದಗ ದಾಟಿ ಡಂಬಳದ ಕಡೆ ಹೋಗುವಾಗ ರಸ್ತೆಯಿಂದಲೇ ಕಾಣುತ್ತದೆ, ಅದರ ಮೇಲೆ ಸಾಲಾಗಿ ತಿರುಗುವ ಗಾಳಿ ಫ್ಯಾನುಗಳು. ಒಂದು ದಿನದಲ್ಲಿ ಹತ್ತಿ ಇಳಿಯಬಹುದು ಅನ್ನಿಸುತ್ತದೆ. ಆದರೆ ಇದು ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲ್ಲೂಕಿನಲ್ಲಿ ಹಬ್ಬಿದ ಗುಡ್ಡದ ಸಾಲು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿಧಾಮ ಅಂತ ಘೋಷಿಸಿದ್ದಾರೆ. ಚಿರತೆ, ತೋಳ, ಕತ್ತೆಕಿರುಬ ಎಲ್ಲ ಇವೆ. ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ತಗೊಂಡಿರಲಿಲ್ಲ. ಅದು ನನ್ನ ತಪ್ಪೇ. ತಗೊಂಡಿದ್ದರೆ ನನ್ನ ಹೆಸರು, ಹೋದ ಹೊತ್ತು ಒಂದು ಕಡೆ ಬರೆದಿರುತ್ತಿತ್ತು, ಅಲ್ವಾ?

ಡೋಣಿ ಹತ್ತಿರ ಬೈಕ್ ನಿಲ್ಲಿಸಿ ಹತ್ತಲು ಶುರು ಮಾಡಿದಾಗ ಹನ್ನೆರಡು ದಾಟಿತ್ತು. ಬಿಸಿಲು ಹಿತವಾಗಿತ್ತು, ಮಳೆಗಾಲ ಆಗಷ್ಟೇ ಮುಗಿದು ಗುಡ್ಡವೆಲ್ಲ ಹಸಿರು. ಸ್ವಲ್ಪ ದೂರ ರಸ್ತೆಯಲ್ಲೇ ನಡೆದೆ. ಆಮೇಲೆ ಒಂದು ಕಾಲುದಾರಿ ಚಂದ ಕಂಡಿತು, ಸುಮ್ನೆ ಅದಕ್ಕೆ ಇಳಿದೆ.

ಇಲ್ಲಿ ಬಾದೆ ಹುಲ್ಲಿನ ಬಗ್ಗೆ ಹೇಳಲೇಬೇಕು. ಇದರಿಂದ ಸುಗಂಧದ ಎಣ್ಣೆ ತೆಗೆಯುತ್ತಾರೆ. ಬೇಸಿಗೆಯಲ್ಲಿ ಹೋದವರಿಗೆ ಇದರ ಅಂದಾಜು ಆಗೋದಿಲ್ಲ. ಅಕ್ಟೋಬರ್‌ನಲ್ಲಿ ನನ್ನ ಎದೆಯ ಮಟ್ಟಕ್ಕೆ ಇತ್ತು, ಕೆಲವು ಕಡೆ ತಲೆಗಿಂತ ಮೇಲೆ. ಮೈ ತಾಗಿದರೆ ಘಮ್ ಅನ್ನುತ್ತದೆ, ಆ ವಾಸನೆಗೆ ಮನಸ್ಸು ಹಗುರಾಗಿ ಮುಂದೆ ಮುಂದೆ ಹೋಗುತ್ತಿರುತ್ತೀರಿ. ಆದರೆ ನೀವು ಹೆಜ್ಜೆ ಇಟ್ಟು ದಾಟಿದ ಮೇಲೆ ಹುಲ್ಲು ಮತ್ತೆ ಎದ್ದು ನಿಲ್ಲುತ್ತದೆ. ಅರ್ಧ ಗಂಟೆ ಆದಮೇಲೆ ತಿರುಗಿ ನೋಡಿದೆ, ಬಂದ ದಾರಿಯೇ ಇರಲಿಲ್ಲ. ಕಾಲಕೆಳಗೆ ಕಲ್ಲಿದೆಯೋ, ಗುಂಡಿಯಿದೆಯೋ, ಹಾವಿದೆಯೋ ಏನೂ ಕಾಣಲ್ಲ.

ಗಾಬರಿ ಆಗಲಿಲ್ಲ, ಯಾಕಂದರೆ ಒಂದು ಫ್ಯಾನನ್ನು ಗುರುತು ಇಟ್ಟುಕೊಂಡಿದ್ದೆ. ಅದರ ಕೆಳಗಡೆ ಇಳಿದರೆ ಬೈಕ್ ಅಂತ. ಇದೂ ನಾನು ಮಾಡಿದ ದೊಡ್ಡ ತಪ್ಪು. ಎಲ್ಲ ಫ್ಯಾನೂ ಒಂದೇ ಥರ ಇರುತ್ತವೆ, ನಾಲ್ಕು ಹೆಜ್ಜೆ ಆಚೆ ಈಚೆ ಆದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಮೂರೂವರೆ ಹೊತ್ತಿಗೆ ಮೋಡ ಕಟ್ಟಿತು. ಹತ್ತೇ ನಿಮಿಷದಲ್ಲಿ ಮೋಡ ಗುಡ್ಡದ ತಲೆಯ ಮೇಲೇ ಕೂತು ಒಂದು ಫ್ಯಾನೂ ಕಾಣದ ಹಾಗಾಯಿತು. ಹಿಂಗಾರಿನ ಮಳೆ ಹೇಗೆ ಅಂತ ನಮ್ಮ ರೈತರನ್ನು ಕೇಳಿ, ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ನನಗೆ ಅದು ಗೊತ್ತಿತ್ತು, ಆದರೂ ಹೊತ್ತು ನೋಡದೆ ಮಧ್ಯಾಹ್ನ ಹತ್ತಿದ್ದೆ. ಬೋಳು ಗುಡ್ಡದ ನೆತ್ತಿಯ ಮೇಲೆ ನಾನೇ ಎತ್ತರದ ವಸ್ತು. ಮಿಂಚಿಗೂ ಗುಡುಗಿಗೂ ನಡುವೆ ಐದು ಎಣಿಸೋಕೂ ಆಗುತ್ತಿರಲಿಲ್ಲ.

ನೆತ್ತಿ ಬಿಟ್ಟು ಕೆಳಗೆ ಓಡಿದೆ. ಓಡಬಾರದಿತ್ತು. ಹುಲ್ಲಿನೊಳಗೆ ಒಂದು ಸಡಿಲ ಕಲ್ಲಿನ ಮೇಲೆ ಬಲಗಾಲು ಹೊರಳಿತು, ಹತ್ತು ಅಡಿ ಜಾರಿ ಬಿದ್ದೆ. ಎದ್ದು ನಿಲ್ಲೋಕೆ ಹೋದರೆ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಬೆಂಕಿ ಇಟ್ಟ ಹಾಗೆ. ಫೋನ್ ತೆಗೆದೆ, ಸಿಗ್ನಲ್ ಇಲ್ಲ, ಚಾರ್ಜ್ 12 ಇತ್ತು. ಫೋಟೋ, ವಿಡಿಯೋ ಅಂತ ಬೆಳಗ್ಗಿನಿಂದ ಖಾಲಿ ಮಾಡಿದ್ದೆ. ನಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗಬಹುದು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಗೆಳೆಯನ ನಂಬರಿಗೇ ಮೇಲಿಂದ ಮೇಲೆ ಹಚ್ಚುತ್ತಾ ಕೂತೆ, ಫೋನ್ ಆಫ್ ಆಯಿತು.

ಮಳೆಯಲ್ಲಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಾಗ ಹೊಳೆದದ್ದು ಇದು: ನಾನು ಇಲ್ಲಿದ್ದೀನಿ ಅಂತ ಭೂಮಿ ಮೇಲೆ ಒಬ್ಬರಿಗೂ ಗೊತ್ತಿಲ್ಲ. ನಾಳೆ ಸಂಜೆಯವರೆಗೆ ಅವ್ವ ನನ್ನನ್ನು ನೆನೆಸುವುದೂ ಇಲ್ಲ. ಆಮೇಲೆ ಹುಡುಕಿದರೂ ಧಾರವಾಡದಲ್ಲಿ ಹುಡುಕುತ್ತಾರೆ. ಕಾಲು ನೋವಿಗಿಂತ ಅದಕ್ಕೇ ಜಾಸ್ತಿ ಅತ್ತೆ.

ಮಳೆ ನಿಂತ ಮೇಲೆ ಕೂತಲ್ಲೇ ಜಾರುತ್ತಾ, ಕೈ ಊರುತ್ತಾ ಇಳಿದೆ. ಬುಡ ಮುಟ್ಟುವಾಗ ಪೂರ್ತಿ ಕತ್ತಲು. ಆರು ಗಂಟೆ ಆಗುತ್ತಿದ್ದ ಹಾಗೇ ಸೂರ್ಯ ಮುಳುಗುವ ದಿನಗಳು ಅವು. ದೂರದಲ್ಲಿ ನಾಯಿ ಬೊಗಳಿದವು, ಒಂದು ಬ್ಯಾಟರಿ ಬೆಳಕು ಅಲ್ಲಾಡಿತು. "ಅಣ್ಣಾರಾ" ಅಂತ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ.

"ಯಾರಪಾ ಅದು? ಅಲ್ಲೇ ನಿಲ್ಲು, ನಾಯಿ ಬಿಟ್ಟೈತಿ."

ಹೊಲದಲ್ಲಿ ಕುರಿ ತರುಬಿದ್ದ ಹಿರಿಯರೊಬ್ಬರು. ನನ್ನ ಹೆಗಲಿಗೆ ಕೈ ಕೊಟ್ಟು ಕರೆದುಕೊಂಡು ಹೋಗಿ, ತಾವು ಹೊದ್ದಿದ್ದ ಕಂಬಳಿಯನ್ನೇ ನನಗೆ ಹೊದಿಸಿದರು. ಕಟಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನಾನು ಗುಡ್ಡದ ಇನ್ನೊಂದು ಮಗ್ಗುಲಿಗೆ ಇಳಿದಿದ್ದೇನೆ ಅಂತ ಅವರು ಹೇಳಿದ ಮೇಲೇ ಗೊತ್ತಾಗಿದ್ದು. ಆಮೇಲೆ ಕೇಳಿದರು, "ಮನ್ಯಾಗ ಹೇಳಿ ಬಂದೀಯಿಲ್ಲೋ ತಮ್ಮಾ?" ನಾನು ತಲೆ ತಗ್ಗಿಸಿದೆ. ಅವರು ಮತ್ತೇನೂ ಕೇಳಲಿಲ್ಲ, ತಮ್ಮ ಫೋನ್ ಕೈಗೆ ಕೊಟ್ಟರು.

ಹಿಮ್ಮಡಿ ಹತ್ತಿರ ಸಣ್ಣ ಎಲುಬು ಬಿರುಕು ಬಿಟ್ಟಿತ್ತು, ಆರು ವಾರ ಕಾಲಿಗೆ ಪಟ್ಟಿ.

ಹೋಗಬೇಡಿ ಅಂತ ನಾನು ಹೇಳಲ್ಲ, ಆ ಗುಡ್ಡ ಅಷ್ಟು ಚಂದ ಇದೆ. ಆದರೆ ದಯವಿಟ್ಟು ಗದಗಿನ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು, ದಾರಿ ಬಲ್ಲ ಸ್ಥಳೀಯರೊಬ್ಬರ ಜೊತೆ ಹೋಗಿ. ಬೆಳಗ್ಗೆ ಬೇಗ ಹತ್ತಿ, ಮಧ್ಯಾಹ್ನ ಎರಡರೊಳಗೆ ಕೆಳಗಿರಿ. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್ ಇದೆ, ಹಾಕಿಕೊಳ್ಳಿ. ಗುಡುಗು ಕೇಳಿತು ಅಂದರೆ ನೆತ್ತಿಯ ಮೇಲೆ ನಿಲ್ಲಬೇಡಿ, ಒಂಟಿ ಮರದ ಕೆಳಗೂ ಬೇಡ. ಸೀಟಿ, ಬ್ಯಾಟರಿ, ಪವರ್ ಬ್ಯಾಂಕ್ ಮೂರೂ ಇರಲಿ. ಸೀಟಿ ಇದ್ದಿದ್ದರೆ ನಾನು ಅಷ್ಟು ಹೊತ್ತು ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಎಲ್ಲಿ ಬೈಕ್ ನಿಲ್ಲಿಸಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ. ಬೈದರೂ ಬೈಯಲಿ.

ಮರುದಿನ ಗೆಳೆಯ ಮನೆಗೆ ಕರೆತಂದಾಗ ಅವ್ವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಧಾರವಾಡದಲ್ಲಿ ಮೆಟ್ಟಿಲ ಮೇಲೆ ಜಾರಿದೆ ಅಂತ ಹೇಳೋಣ ಅಂದುಕೊಂಡೇ ಒಳಗೆ ಹೋದೆ. ಅವ್ವ ನನ್ನ ಅಂಗಿ ಒಗೆಯೋಕೆ ತಗೊಂಡವಳು ಮೂಗಿಗೆ ಹಿಡಿದು ನಿಂತಳು. "ಇದೇನೋ, ಗುಡ್ಡದ ಹುಲ್ಲಿನ ವಾಸ್ನಿ ಬರಾಕತ್ತೈತಿ?" ಅವ್ವನ ತವರು ಮುಂಡರಗಿ ಕಡೆ. ಅಲ್ಲೇ ಕೂತು ಎಲ್ಲ ಹೇಳಿಬಿಟ್ಟೆ.