ಬೂಮ್ ಬಿರುಕು ಬಿಟ್ಟರೆ ಬೆಸುಗೆಯೋ, ಸ್ಲೀವೋ, ಹೊಸ ಕೊಳವೆಯೋ?

ನನ್ನ ಹಾಯಿದೋಣಿಯ ಅಲ್ಯೂಮಿನಿಯಂ ಬೂಮ್ (ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡ ಕೊಳವೆ) ಬಿರುಕು ಬಿಟ್ಟಿದ್ದು ವ್ಯಾಂಗ್ (ಬೂಮನ್ನು ಕೆಳಕ್ಕೆ ಎಳೆದು ಹಿಡಿಯುವ ಹಗ್ಗ) ಕಟ್ಟುವ ಬ್ರಾಕೆಟ್ ಹತ್ತಿರ. ಹಿಂದಿನಿಂದ ಗಾಳಿ ಇದ್ದಾಗ ಬೂಮ್ ಒಮ್ಮೆಲೇ ಈ ಕಡೆಯಿಂದ ಆ ಕಡೆಗೆ ಬೀಸಿ ಹೋಗಿತ್ತು. ಆಮೇಲೆ ನೋಡಿದರೆ ಅಡಿಭಾಗದಲ್ಲಿ, ರಿವೆಟ್ ತೂತಿನಿಂದ ಹೊರಟ ಕೂದಲೆಳೆಯಂಥ ಗೆರೆ. ಕಣ್ಣಿಗೆ ಸರಿಯಾಗಿ ಕಾಣಲಿಲ್ಲ, ಉಗುರಿಗೆ ಸಿಕ್ಕಿತು. ವ್ಯಾಂಗ್ ಕೆಳಕ್ಕೆ ಜಗ್ಗುತ್ತದೆ, ಹಾಯಿ ಬೂಮಿನ ತುದಿಯನ್ನು ಮೇಲಕ್ಕೆ ಎಳೆಯುತ್ತದೆ. ಬಿರುಕು ಅಲ್ಲೇ ಬಾಯಿ ಬಿಡುವುದು ಸಹಜ ಅಲ್ವಾ?

ಮೊದಲು ಬೆಸುಗೆ ಹಾಕಿಸಿದೆ. ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ. ಆದರೆ ಶಾಖ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂಗೆ ಬೆಸುಗೆ ಹಾಕಿದರೆ ಸುತ್ತ ಒಂದು ಇಂಚಿನಷ್ಟು ಜಾಗ ಮೆತ್ತಗಾಗುತ್ತದೆ. ಅಲ್ಲಿ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನನ್ನದು ಬೆಸುಗೆಯಲ್ಲಿ ಒಡೆಯಲಿಲ್ಲ, ಅದರ ಪಕ್ಕದಲ್ಲೇ ಎರಡು ತುಂಡಾಯಿತು. ಬೂಮ್ ನಡುವಿಗೆ ಬೆಸುಗೆ ಇನ್ನು ಬೇಡವೇ ಬೇಡ.

ಎರಡನೆಯದು ಸ್ಲೀವ್: ಒಳಗೊಂದು ಕೊಳವೆ ತೂರಿಸಿ ರಿವೆಟ್ ಹೊಡೆಯುವುದು. ನನಗೆ ಮೆಚ್ಚುಗೆಯಾದದ್ದು ಇದೇ. ಹಾಯಿಯ ಅಂಚು ತೂರುವ ತೋಡು ಬೂಮ್ ಒಳಕ್ಕೆ ಉಬ್ಬಿರುವುದರಿಂದ ಸ್ಲೀವನ್ನು ಉದ್ದಕ್ಕೆ ಸೀಳಿ, ಒತ್ತಿ ಹಿಡಿದು ತೂರಿಸಬೇಕಾಯಿತು. ಮುರಿದ ಜಾಗದಿಂದ ಎರಡೂ ಕಡೆಗೆ ಬೂಮ್ ಎತ್ತರದ ನಾಲ್ಕು ಪಟ್ಟು ಉದ್ದ ಬಿಟ್ಟೆ. ಮೋನೆಲ್ (ನಿಕ್ಕಲ್-ತಾಮ್ರದ ಮಿಶ್ರಲೋಹ) ರಿವೆಟ್‌ಗಳನ್ನು ಪಕ್ಕದ ಗೋಡೆಗಳಲ್ಲಿ, ಒಂದೇ ಸಾಲಿಗೆ ಬಾರದಂತೆ ಹೊಡೆದೆ. ಅಡಿಭಾಗಕ್ಕೆ ಹೊಸ ತೂತು ಕೊರೆಯಲಿಲ್ಲ. ಪ್ರತಿ ರಿವೆಟ್‌ಗೂ ಡ್ಯೂರಲ್ಯಾಕ್ ಪೇಸ್ಟ್ ಸವರಿದೆ. ಇಲ್ಲದಿದ್ದರೆ ಉಪ್ಪುನೀರಲ್ಲಿ ಎರಡು ಲೋಹ ತಾಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಸ್ಲೀವಿನ ಅಂಚನ್ನು ಅರ ಹಾಕಿ ನುಣ್ಣಗೆ ಮಾಡಿ, ದಯವಿಟ್ಟು ಮರೆಯಬೇಡಿ. ಬೂಮ್ ಒಳಗೆ ಓಡುವ ರೀಫ್ ಹಗ್ಗವನ್ನು (ಹಾಯಿಯನ್ನು ಕಿರಿದು ಮಾಡುವ ಹಗ್ಗ) ಆ ಅಂಚು ಕತ್ತರಿಸಿಬಿಡುತ್ತದೆ. ಬೂಮ್ ಸ್ವಲ್ಪ ಭಾರವಾಯಿತು, ಅಷ್ಟೇ. ಎರಡು ವರ್ಷ ಜೋರು ಗಾಳಿಯಲ್ಲೂ ಕೂಡಿಸಿದ ಜಾಗ ಅಲುಗಲಿಲ್ಲ.

ಆಮೇಲೆ ಬೇರೆ ಕಡೆ ನೆಗ್ಗು ಬಿತ್ತು. ನೆಗ್ಗಿದ ಕೊಳವೆಯನ್ನು ತಟ್ಟಿ ನೆಟ್ಟಗೆ ಮಾಡಿದರೂ ಒತ್ತಡ ಬಿದ್ದಾಗ ಅಲ್ಲೇ ಮಡಚುತ್ತದೆ. ಹಾಗಾಗಿ ಹೊಸ ಕೊಳವೆ ತಂದೆ, ಹಳೆಯ ತುದಿ ಬಿಡಿಭಾಗಗಳನ್ನೇ ಜೋಡಿಸಿದೆ. ಖರ್ಚು ಎಲ್ಲಕ್ಕಿಂತ ಜಾಸ್ತಿ. ಹಳೆಯ ಅಳತೆ ಸಿಗದೆ ಸ್ವಲ್ಪ ದಪ್ಪದ್ದು ತಂದಿದ್ದರಿಂದ ಗೂಸ್‌ನೆಕ್ (ಬೂಮನ್ನು ಹಾಯಿಕಂಬಕ್ಕೆ ಸೇರಿಸುವ ಕೀಲು) ಕೂರಿಸಲು ಎರಡು ದಿನ ಹಿಡಿಯಿತು. ಆದರೆ ಇದು ಬಾಗುವುದು ಕಡಿಮೆ, ಹಾಯಿ ಚೆನ್ನಾಗಿ ಬಿಗಿಯುತ್ತದೆ.

ಕೊಳವೆ ನೆಟ್ಟಗಿದ್ದು ಒಂದೇ ಕಡೆ ಒಡೆದಿದ್ದರೆ ನಾನು ಈಗಲೂ ಸ್ಲೀವನ್ನೇ ಹಾಕುತ್ತೇನೆ. ನೆಗ್ಗಿದ್ದರೆ ಹೊಸದು. ಈ ಹೊಸ ಬೂಮಿಗೆ ವ್ಯಾಂಗ್ ಬ್ರಾಕೆಟ್ ಇಲ್ಲ. ಅಗಲವಾದ ಪಟ್ಟಿಯನ್ನು ಸುತ್ತಿ ಅದಕ್ಕೇ ವ್ಯಾಂಗ್ ಕಟ್ಟಿದ್ದೇನೆ, ಅಡಿಯಲ್ಲಿ ಒಂದೂ ತೂತಿಲ್ಲ.