ಲಡಾಖ್‌ಗೆ ಹೊರಟಿದ್ದೀರಾ? ಎರಡನೇ ದಿನದ ಪ್ಲಾನ್ ಒಮ್ಮೆ ನೋಡಿಕೊಳ್ಳಿ

ಕಳೆದ ದಸರಾ ರಜೆಯಲ್ಲಿ, ಕಾಫಿ ಕೊಯ್ಲಿಗೆ ಆಳು ಹುಡುಕುವ ತಲೆಬಿಸಿ ಶುರುವಾಗುವ ಮುಂಚೆ, ನಾನು, ನನ್ನ ಹೆಂಡತಿ, ಅಕ್ಕ, ಭಾವ ನಾಲ್ಕು ಜನ ಲಡಾಖ್‌ಗೆ ಹೋಗಿದ್ದೆವು. ನಾಲ್ಕೂ ಜನ ವಾಪಸ್ ಬಂದಿದ್ದೇ ದೊಡ್ಡದು. ಬುಕ್ ಮಾಡಿದ್ದು ಚಿಕ್ಕಮಗಳೂರಿನದೇ ಒಬ್ಬ ಟೂರ್ ಏಜೆಂಟ್ ಹತ್ತಿರ. ಹೆಸರು ಹಾಕುವುದಿಲ್ಲ. ಇಂಥ ಪ್ಲಾನ್ ಕೊಡುವವರು ಅವನೊಬ್ಬನೇ ಅಲ್ಲ.

ತಲೆಗೆ 32 ಸಾವಿರ, ವಿಮಾನದ ಖರ್ಚು ಬೇರೆ. ಆರು ದಿನ. ಮೊದಲ ದಿನ ಲೇಹ್, ಎರಡನೇ ದಿನ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ದಾರಿ) ದಾಟಿ ನುಬ್ರಾ ಕಣಿವೆ, ಮೂರನೇ ದಿನ ಪ್ಯಾಂಗಾಂಗ್ ಸರೋವರ. ಪಟ್ಟಿ ನೋಡಿ ಖುಷಿಯಾಯಿತು, ಎಷ್ಟೊಂದು ಜಾಗ ಅಲ್ವಾ! ಎತ್ತರಕ್ಕೆ ಏನಾದರೂ ತೊಂದರೆ ಆಗುತ್ತಾ ಅಂತ ಅಕ್ಕ ಏಜೆಂಟನ್ನು ಕೇಳಿದಳು. "ಮುಳ್ಳಯ್ಯನಗಿರಿ ಹತ್ತಿದವರಿಗೆ ಏನಾಗುತ್ತೆ ಅಕ್ಕಾ, ನೀವು ಘಾಟಿಯವರು" ಅಂದ. ನಾವೂ ಉಬ್ಬಿದೆವು.

ಆಮೇಲೆ ಲೆಕ್ಕ ಹಾಕಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಲೇಹ್ ಊರೇ ಸುಮಾರು 3,500 ಮೀಟರ್ (11,500 ಅಡಿ), ಅಂದರೆ ವಿಮಾನ ಇಳಿದು ಕಾಲಿಟ್ಟ ಜಾಗವೇ ನಮ್ಮ ಗಿರಿಯ ತುದಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಎತ್ತರ. ಸಮುದ್ರದ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್‌ನಲ್ಲಿ ಮೂರನೇ ಒಂದು ಭಾಗ ಅಲ್ಲಿ ಇರುವುದಿಲ್ಲ. ದೇಹ ಅದಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಎರಡು ದಿನ ಸುಮ್ನೆ ಮಲಗಿರಬೇಕು. ನಮ್ಮನ್ನು ಇಳಿದ ದಿನ ಮಧ್ಯಾಹ್ನವೇ ಶಾಂತಿ ಸ್ತೂಪ, ಅರಮನೆ ಅಂತ ತಿರುಗಿಸಿದರು.

ಎರಡನೇ ದಿನ ಖರ್ದುಂಗ್ ಲಾ. ಸುಮಾರು 17,500 ಅಡಿ, ಅಲ್ಲಿನ ಬೋರ್ಡು ಇನ್ನೂ ಜಾಸ್ತಿ ಹೇಳುತ್ತದೆ. ಬೇಗ ಇಳಿದುಬಿಡೋಣ ಅಂತ ಡ್ರೈವರ್ ಹೇಳುತ್ತಲೇ ಇದ್ದರು, ನಾವು ಫೋಟೋ, ಟೀ ಅಂತ ಮುಕ್ಕಾಲು ಗಂಟೆ ನಿಂತೆವು. ಇದು ಪೂರ್ತಿ ನಮ್ಮದೇ ತಪ್ಪು. ಭಾವನಿಗೆ ತಲೆನೋವು ಶುರುವಾಯಿತು, ದಾರಿಯಲ್ಲಿ ಎರಡು ಸಲ ವಾಂತಿ. ಏಜೆಂಟ್‌ಗೆ ಫೋನ್ ಮಾಡಿದರೆ "ಗ್ಯಾಸ್ಟ್ರಿಕ್ ಇರಬೇಕು ಸಾರ್, ಜೀರಿಗೆ ನೀರು ಕುಡಿಸಿ" ಅಂದ. ಆ ಫೋನೂ ನನ್ನ ಹೆಂಡತಿಯದು. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇದ್ದಿದ್ದು ಅವಳೊಬ್ಬಳದೇ. ಅದನ್ನೂ ಯಾರೂ ಹೇಳಿರಲಿಲ್ಲ.

ಮೋಸ ಹೋಗಿದ್ದು ಎಲ್ಲಿ ಅಂದರೆ, ನುಬ್ರಾದ ಹುಂಡರ್ ಊರು ಮುಟ್ಟಿದ ಮೇಲೆ ಭಾವ ಸರಿಯಾದರು. ಮರಳು ದಿಬ್ಬದ ಮೇಲೆ ನಡೆದರು, ಎರಡು ಡುಬ್ಬದ ಒಂಟೆ ಹತ್ತಿದರು. ಓ, ಗ್ಯಾಸ್ಟ್ರಿಕ್ಕೇ ಅಂದುಕೊಂಡೆವು. ನುಬ್ರಾ ಕಣಿವೆ ಲೇಹ್‌ಗಿಂತ ತಗ್ಗಿನಲ್ಲಿದೆ, ಕೆಳಗೆ ಇಳಿದಿದ್ದಕ್ಕೇ ಅವರು ಸುಧಾರಿಸಿದ್ದು ಅಂತ ನಮಗೆಲ್ಲಿ ಗೊತ್ತು. ಮಾರನೇ ದಿನ ಸೀದಾ ಪ್ಯಾಂಗಾಂಗ್. 14,000 ಅಡಿಯಲ್ಲಿ ರಾತ್ರಿ ಮಲಗುವುದು. ಒಂದೇ ದಿನದಲ್ಲಿ ಮಲಗುವ ಜಾಗ ಅಷ್ಟು ಮೇಲೆ ಹೋಗಬಾರದು.

ಸರೋವರದ ನೀಲಿ ಬಗ್ಗೆ ಬರೆಯುವ ಮನಸ್ಸಿಲ್ಲ. ಟೆಂಟಿನಲ್ಲಿ ಹೀಟರ್ ಇದೆ ಅಂದಿದ್ದರು, ಇತ್ತು, ಕರೆಂಟು ಹತ್ತು ಗಂಟೆಗೇ ಹೋಯಿತು. ತೆಂಗಿನೆಣ್ಣೆ ಬಾಟಲಿಯೊಳಗೆ ಕಲ್ಲಾಗಿತ್ತು. ರಾತ್ರಿ ಎರಡಕ್ಕೆ ಭಾವ ಬಾತ್‌ರೂಮಿಗೆ ಎದ್ದವರು ಕುಡಿದವರ ಹಾಗೆ ತೂರಾಡುತ್ತಿದ್ದರು. ಅಕ್ಕ ಹೆಸರು ಹಿಡಿದು ಕರೆದರೆ ಬೇರೆ ಏನೋ ಉತ್ತರ. ತೂರಾಟ, ತೊದಲು ಬಂದರೆ ಮಿದುಳಿಗೆ ನೀರು ಇಳಿಯುತ್ತಿದೆ ಅಂತ ಅರ್ಥವಂತೆ. ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶಕ್ಕೆ. ಎರಡಕ್ಕೂ ಮುಖ್ಯ ಮದ್ದು ಒಂದೇ, ತಕ್ಷಣ ಕೆಳಗೆ ಇಳಿಯುವುದು. ಗಾಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದೆ ಅಂತ ಏಜೆಂಟ್ ಹೇಳಿದ್ದ. ಇದ್ದಿದ್ದು ಸ್ಪ್ರೇ ಡಬ್ಬಿಯಂಥ ಒಂದು ಕ್ಯಾನ್, ಸ್ವಲ್ಪ ಹೊತ್ತಿಗೇ ಖಾಲಿ.

ಇನ್ನೊಂದು ಕಷ್ಟ ಕೇಳಿ. ಪ್ಯಾಂಗಾಂಗ್‌ನಿಂದ ಲೇಹ್‌ಗೆ ಇಳಿಯೋಣ ಅಂದರೆ ನಡುವೆ ಚಾಂಗ್ ಲಾ, ಅದೂ 17,000 ಅಡಿಗಿಂತ ಮೇಲೆ. ಇಳಿಯಬೇಕಾದರೆ ಮೊದಲು ಹತ್ತಬೇಕು! ಆ ಡ್ರೈವರ್ ಇಲ್ಲದಿದ್ದರೆ ನಾವು ಅದನ್ನೇ ಮಾಡುತ್ತಿದ್ದೆವು. ಅವರು ಚಾಂಗ್ ಲಾ ಬೇಡವೇ ಬೇಡ ಅಂತ ಕತ್ತಲಲ್ಲೇ ಗಾಡಿ ತೆಗೆದು, ಸ್ವಲ್ಪ ಕೆಳಗಿರುವ ತಾಂಗ್ಸೆಯ ಆಸ್ಪತ್ರೆಗೆ ತಂದರು. ಆಕ್ಸಿಜನ್, ಇಂಜೆಕ್ಷನ್. ಮಧ್ಯಾಹ್ನದ ಹೊತ್ತಿಗೆ ಭಾವ "ನನ್ನ ಚಪ್ಪಲಿ ಎಲ್ಲಿ" ಅಂದಾಗ ಅಕ್ಕ ಅತ್ತುಬಿಟ್ಟಳು. ಆಮೇಲೆ ಶ್ಯೋಕ್ ನದಿ ದಾರಿಯಲ್ಲಿ ಮತ್ತೆ ನುಬ್ರಾಕ್ಕೆ ಇಳಿದು ಎರಡು ದಿನ ಮಲಗಿದೆವು. ವಿಮಾನ ತಪ್ಪಿತು, ಟಿಕೆಟ್ ಹೊಸದು.

ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀವಿ ಅಂತ ಬರೆಸಿಕೊಳ್ಳಿ. ಲೇಹ್‌ನಲ್ಲಿ ಎರಡು ರಾತ್ರಿ ಪೂರ್ತಿ ಇಲ್ಲದ ಪ್ಲಾನ್ ಬೇಡ. ಎತ್ತರದ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಬಿಲ್ ತೆಗೆದುಕೊಳ್ಳಿ. ನಮ್ಮ ಹತ್ತಿರ ಇರಲಿಲ್ಲ, "ಪ್ಲಾನ್ ಬಿಟ್ಟು ಬಂದವರು ನೀವೇ" ಅಂತ ಒಂದು ರೂಪಾಯಿ ವಾಪಸ್ ಕೊಡಲಿಲ್ಲ.

ಮೊನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಮೇ ತಿಂಗಳ ಟ್ರಿಪ್, ಎರಡನೇ ದಿನ ಖರ್ದುಂಗ್ ಲಾ. ಹಾಕಿದ್ದ ಫೋಟೋದಲ್ಲಿ ಬೋರ್ಡಿನ ಮುಂದೆ ನಗುತ್ತಾ ನಿಂತಿದ್ದವರು ನಮ್ಮ ಭಾವ.